ಹೊಸ ವಾರ್ಡ್‌ರೋಬ್‌ನ ಕಣ್ಣುರಿ, ಏಸಿ ಆಫೀಸಿನ ತಲೆಭಾರ

ಪ್ರಶ್ನೆ (ನಿಟುವಳ್ಳಿ, ದಾವಣಗೆರೆ): ಮೇಡಂ, 10×12 ಬೆಡ್‌ರೂಮಿಗೆ ಪಾರ್ಟಿಕಲ್ ಬೋರ್ಡ್ ವಾರ್ಡ್‌ರೋಬ್ ಮಾಡಿಸೀವಿ, ಮೇಲೆ ಲ್ಯಾಮಿನೇಟ್ ಐತೆ. ಎರಡು ತಿಂಗಳಾದ್ರೂ ಮಧ್ಯಾಹ್ನ ಬಾಗಿಲು ತೆಗೆದ್ರೆ ಕಣ್ಣುರಿ. ಮೂರು ವರ್ಷದ ಮಗಳಿಗೆ ಕೆಮ್ಮು. ಇದ್ದಿಲು ಚೀಲ, ಮನಿಪ್ಲಾಂಟ್ ಇಟ್ಟಾತು. ಪೇಂಟಿಂದೇನ್ರಿ ಇದು?

ಉತ್ತರ (ಒಳಾಂಗಣ ವಿನ್ಯಾಸಕಿ): ಪೇಂಟ್, ಗಮ್ಮಿನ ವಾಸನೆ ಮೂಗಿಗೆ ಹೊಡೆದರೂ ಕೆಲವು ವಾರಗಳಲ್ಲಿ ಇಳಿಯುತ್ತೆ ಸರ್. ನೀವು ಹೇಳೋದು ಫಾರ್ಮಾಲ್ಡಿಹೈಡ್ ಅನ್ನೋ, ಕಣ್ಣು-ಗಂಟಲು ಉರಿಸೋ ಅನಿಲದ ಲಕ್ಷಣ. ಪಾರ್ಟಿಕಲ್ ಬೋರ್ಡಿನ ಮರದ ಪುಡಿ ಹಿಡಿದಿಡೋ ಯೂರಿಯಾ-ಫಾರ್ಮಾಲ್ಡಿಹೈಡ್ ಅಂಟಿನಿಂದ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಬರುತ್ತೆ. ಸೆಕೆ, ತೇವ ಏರಿದಷ್ಟೂ ಜಾಸ್ತಿ. ನಮ್ಮೂರ ಏಪ್ರಿಲ್ ಮಧ್ಯಾಹ್ನ ಕೇಳಲೇಬೇಡಿ.

ಲ್ಯಾಮಿನೇಟ್ ಇದ್ದ ಕಡೆ ಅಷ್ಟಾಗಿ ಬರಲ್ಲ, ಕೊಯ್ದ ಅಂಚಿನಿಂದ ಬರುತ್ತೆ. ಟಾರ್ಚ್ ಹಿಡಿದು ನೋಡಿ: ಶೆಲ್ಫಿನ ಹಿಂದಿನ ಅಂಚು, ಡ್ರಾಯರ್ ತಳ, ಹಿಂಜ್ ಕೂರೋ 35 ಮಿ.ಮೀ. ತೂತು, ವೈರ್ ತೂತು. ಕಾರ್ಪೆಂಟರುಗಳು ಎದುರಿಗೆ ಕಾಣೋ ಕಡೆಗಷ್ಟೇ ಎಡ್ಜ್ ಬ್ಯಾಂಡ್ (ಅಂಚು ಮುಚ್ಚೋ ಪಟ್ಟಿ) ಹಚ್ಚಿ ಕೈತೊಳೆದುಕೊಳ್ಳೋದು ಮಾಮೂಲು. ಬಟ್ಟೆ ಖಾಲಿ ಮಾಡಿ, ಧೂಳು ಒರೆಸಿ, ಅಲ್ಲೆಲ್ಲಾ ನೀರು ಬೆರೆಸೋ ಪಿಯು (ಪಾಲಿಯುರೆಥೇನ್) ಸೀಲರ್, ಅಂದ್ರೆ ಅಂಚು ಮುಚ್ಚೋ ಲೇಪ, ಎರಡು ಕೋಟ್ ಕೊಡಿಸಿ. ಮೊದಲ ಕೋಟನ್ನು ಅಂಚು ಕುಡಿದುಬಿಡುತ್ತೆ, ಒಂದಕ್ಕೇ ನಿಲ್ಲಿಸಿದರೆ ದಂಡ. ಥಿನ್ನರ್ ಪಾಲಿಷ್ ಬೇಡ, ಇನ್ನೊಂದು ವಾಸನೆ ತಂದುಕೊಂಡ ಹಾಗೆ.

ಅಲ್ಲಿವರೆಗೆ ಮಗು ಬೇರೆ ಕೋಣೆಯಲ್ಲಿ ಮಲಗಲಿ, ಕೆಮ್ಮು ಡಾಕ್ಟರಿಗೂ ತೋರಿಸಿ. ಬೆಳಿಗ್ಗೆ, ರಾತ್ರಿ ವಾರ್ಡ್‌ರೋಬ್ ತೆರೆದಿಟ್ಟು, ಕಿಟಕಿಯಲ್ಲಿ ಟೇಬಲ್ ಫ್ಯಾನ್ ಹೊರಮುಖ ಮಾಡಿ, ಎದುರಿನ ಬಾಗಿಲು ತೆಗೆಯಿರಿ. ಮನಿಪ್ಲಾಂಟ್ ಅಂದಕ್ಕಿರಲಿ, ಗಿಡ ಗಾಳಿ ಶುದ್ಧ ಮಾಡುತ್ತೆ ಅನ್ನೋ 1989ರ ನಾಸಾ ಪ್ರಯೋಗ ನಡೆದದ್ದು ಮುಚ್ಚಿದ ಪೆಟ್ಟಿಗೆಯೊಳಗೆ, ಗಾಳಿ ಆಡೋ ಕೋಣೆಗೆ ಅದು ಹೊಂದಲ್ಲ.

ನಿಟುವಳ್ಳಿಯವರೇ ಮತ್ತೆ: ಫಾರ್ಮಾಲ್ಡಿಹೈಡ್ ಅಳೆಯೋ ಮೀಟರ್ ಆನ್‌ಲೈನಲ್ಲಿ ತರಿಸ್ಲಾ?

ಉತ್ತರ: ದುಡ್ಡು ಸೀಲರ್‌ಗೆ ಹಾಕಿ. ಡಬ್ಲ್ಯುಎಚ್‌ಒ ಮಿತಿ 30 ನಿಮಿಷದ ಸರಾಸರಿಯಲ್ಲಿ ಘನ ಮೀಟರಿಗೆ 0.1 ಮಿ.ಗ್ರಾಂ. ಅಷ್ಟು ಸೂಕ್ಷ್ಮ ಅಳೆಯಬೇಕಾದ ಅಗ್ಗದ ಮೀಟರ್ ಸ್ಯಾನಿಟೈಸರ್, ಸೆಂಟಿಗೂ ಏರಿ ಕೂರುತ್ತೆ. ಮುಂದೆ ಬೋರ್ಡ್ ತರುವಾಗ ಇ-0 ಅಥವಾ ಇ-1 ಮುದ್ರೆ ನೋಡಿ, ಫಾರ್ಮಾಲ್ಡಿಹೈಡ್ ಕಡಿಮೆ ಬಿಡೋ ಬೋರ್ಡಿನ ಗುರುತು ಅದು.

ಪ್ರಶ್ನೆ (ಪಿ.ಜೆ. ಬಡಾವಣೆ): ಆಫೀಸು 20×15, ಎಂಟು ಜನ, ಸ್ಪ್ಲಿಟ್ ಏಸಿ, ಕಿಟಕಿ ಬಂದ್. ನಾಲ್ಕು ಗಂಟೆಗೆ ಎಲ್ರಿಗೂ ತಲೆಭಾರ. ಪ್ಯೂರಿಫೈಯರ್ ತರೋದಾ?

ಉತ್ತರ (ವೆಂಟಿಲೇಶನ್ ಇಂಜಿನಿಯರ್): ಬೇಡ ಸರ್. ಪ್ಯೂರಿಫೈಯರಿನ ಹೆಪಾ ಫಿಲ್ಟರ್ ಧೂಳು ಹಿಡಿಯುತ್ತೆ, ನೀವೆಲ್ಲ ಉಸಿರು ಬಿಟ್ಟು ಕೋಣೆಯಲ್ಲಿ ತುಂಬಿದ ಕಾರ್ಬನ್ ಡೈಆಕ್ಸೈಡ್ ಅಲ್ಲ. ಸ್ಪ್ಲಿಟ್ ಏಸಿ ಒಳಗಿನ ಗಾಳಿಯನ್ನೇ ತಿರುಗಿಸಿ ತಣ್ಣಗೆ ಮಾಡುತ್ತೆ, ಹೊಸ ಗಾಳಿ ತರಲ್ಲ. ತಲೆಗೆ ನಿಮಿಷಕ್ಕೆ 20 ಘನ ಅಡಿ ಹೊಸ ಗಾಳಿ ಹಿಡಿದರೆ ನಿಮಗೆ 160 ಬೇಕು. ಒಂಬತ್ತು ಇಂಚಿನ ಎಕ್ಸಾಸ್ಟ್ ಫ್ಯಾನ್ ಸಾಕು, 6 ಇಂಚಿನದು ಜಾಲರಿ, ಧೂಳು ಸೇರಿದರೆ ಸೋಲುತ್ತೆ. ಗಾಳಿ ಬರೋದಕ್ಕೆ ಎದುರು ಗೋಡೆಯಲ್ಲಿ ಒಂದು ಚದರಡಿ ಲೌವರ್ (ಓರೆ ಪಟ್ಟಿಗಳ ಗಾಳಿಕಿಂಡಿ) ಬಿಡಿಸಿ, ರಸ್ತೆ ಕಡೆ ಬೇಡ. ಕಿಂಡಿ ಫ್ಯಾನ್ ಪಕ್ಕದಲ್ಲೇ ಬಿಟ್ಟರೆ ಬಂದ ಗಾಳಿ ಬಂದ ಹಾಗೇ ಹೋಗುತ್ತೆ, ನೀವು ಕೂತ ಮೂಲೆ ಮುಟ್ಟಲ್ಲ. ಕರೆಂಟ್ ಬಿಲ್ ಸ್ವಲ್ಪ ಏರುತ್ತೆ, ಅದಕ್ಕೆ ಉಪಾಯ ಇಲ್ಲ.

ಲೌವರ್ ಬಿಡಿಸದೆ ಬರೀ ಫ್ಯಾನ್ ಹಾಕಿಸಿದರೆ ಅದು ಟಾಯ್ಲೆಟ್ಟಿನಿಂದ ಗಾಳಿ ಎಳೆಯುತ್ತೆ. ನೆಲದ ಜಾಲಿ ಕೆಳಗಿನ ಟ್ರ್ಯಾಪ್ (ನೀರು ನಿಂತು ವಾಸನೆ ತಡೆಯೋ ಪೈಪಿನ ಬಾಗು) ಒಣಗಿದ್ದರೆ ಚರಂಡಿ ವಾಸನೆ ಸೀದಾ ಟೇಬಲ್ಲಿಗೆ. ಬಳಸದ ಟಾಯ್ಲೆಟ್ ಇದ್ದರೆ ವಾರಕ್ಕೊಮ್ಮೆ ಒಂದು ಚೊಂಬು ನೀರು ಸುರಿಯೋಕೆ ಹೇಳಿ.