ಕಾರವಾರ ಜೈಲಿನಲ್ಲಿ ಎಂಟು ವಾರದ ಬೆಂಬಲ ಕಾರ್ಯಕ್ರಮ: ಎಲ್ಲಿಂದ ಶುರು ಮಾಡಬೇಕು?

ಶಿರಸಿ_ಬಳಗ:
ಕಾರವಾರದ ಜಿಲ್ಲಾ ಕಾರಾಗೃಹಕ್ಕೆ ಎಂಟು ವಾರದ ಕಾರ್ಯಕ್ರಮ ಯೋಜಿಸುತ್ತಿದ್ದೇವೆ. ಕರಡಿನಲ್ಲಿ ವಾರಕ್ಕೊಂದು ಉಪನ್ಯಾಸ, ಯೋಗ, ಕೊನೆಗೆ ಬಂಧಿಗಳದೇ ತಾಳಮದ್ದಲೆ (ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ) ಇವೆ. ಹನ್ನೆರಡು ಜನರ ಗುಂಪು, ಒಂದೂವರೆ ತಾಸು ಅವಧಿ. ಸಮುದಾಯ ಮನೋವಿಜ್ಞಾನ ಬಲ್ಲವರು ಇದನ್ನು ತಿದ್ದಿ ಕೊಡಿ.

ಅಳಿವೆ:
ಎಂಟು ವಾರದ ಸರಣಿ ಎಂಬುದನ್ನೇ ಮೊದಲು ಕೈಬಿಡಿ. ದೇಶದ ಬಂಧಿಗಳಲ್ಲಿ ನಾಲ್ವರಲ್ಲಿ ಸುಮಾರು ಮೂವರು ವಿಚಾರಣಾಧೀನರು. ಮೂರನೇ ವಾರಕ್ಕೆ ಒಬ್ಬನಿಗೆ ಜಾಮೀನಾಗುತ್ತದೆ, ಇನ್ನೊಬ್ಬನಿಗೆ ಅದೇ ದಿನ ಕೋರ್ಟು, ಹೊಸಬ ನಾಲ್ಕನೇ ಪಾಠಕ್ಕೆ ಬಂದು ಕೂರುತ್ತಾನೆ. ಪ್ರತಿ ಕೂಟವೂ ಅಂದೇ ಶುರುವಾಗಿ ಅಂದೇ ಮುಗಿಯುವಂತಿರಲಿ.

ಮೊದಲ ಎರಡು ಭೇಟಿಗಳಲ್ಲಿ ಏನನ್ನೂ ಕಲಿಸಬೇಡಿ, ಕೇಳಿ. ‘ದಿನದಲ್ಲಿ ಅತಿ ಕಷ್ಟದ ಹೊತ್ತು ಯಾವುದು? ಯಾರಿಂದ ಸಹಾಯ ಸಿಗುತ್ತದೆ?’ ಇದನ್ನೇ ವಾರ್ಡರುಗಳಿಗೂ ಬೇರೆಯಾಗಿ ಕೇಳಿ. ಅವರ ಪಾಳಿ, ಸಿಬ್ಬಂದಿ ಕೊರತೆ ತಿಳಿಯದೆ ಹಾಕಿದ ವೇಳಾಪಟ್ಟಿ ಬಂಧಿಗಳ ತಲೆ ಎಣಿಕೆಯ ಹೊತ್ತಿಗೆ ಸರಿಯಾಗಿ ಮುರಿದು ಬೀಳುತ್ತದೆ.

ಮನೋವಿಜ್ಞಾನಿಗಳಾದ ಮ್ಯಾಕ್‌ಮಿಲನ್ ಮತ್ತು ಚಾವಿಸ್ 1986ರಲ್ಲಿ ಸಮುದಾಯ ಭಾವಕ್ಕೆ ನಾಲ್ಕು ಎಳೆ ಹೇಳಿದರು: ನಾನು ಇಲ್ಲಿಯವ ಎಂಬುದು, ನನ್ನ ಮಾತು ನಡೆಯುತ್ತದೆ ಎಂಬುದು, ನನ್ನ ಅಗತ್ಯ ಇಲ್ಲಿ ನೀಗುತ್ತದೆ ಎಂಬುದು, ಒಟ್ಟಿಗೆ ಉಂಡ ಕಷ್ಟಸುಖದ ನಂಟು. ಮೊದಲನೆಯದನ್ನು ಬ್ಯಾರಕ್ಕಿನ ಗುಂಪುಗಾರಿಕೆಯೂ ಕೊಡುತ್ತದೆ, ಹಾಗಾಗಿ ಒಗ್ಗಟ್ಟು ಕಂಡಿತೆಂದು ಹಿಗ್ಗಬೇಡಿ. ಜೈಲು ಪೂರ್ತಿ ಕಸಿಯುವುದು ಎರಡನೆಯದನ್ನು. ಅಧೀಕ್ಷಕರ ಒಪ್ಪಿಗೆ ಪಡೆದು ಒಂದು ಚಿಕ್ಕ ತೀರ್ಮಾನವನ್ನಾದರೂ ಗುಂಪಿಗೆ ಬಿಡಿ: ನೀರು ಹಿಡಿಯುವ ಸರದಿ, ಟಿ.ವಿ. ಹೊತ್ತು, ಓದುವ ಪುಸ್ತಕ. ಕೇಳಿದ್ದು ಆಗದಿದ್ದರೆ ಕಾರಣವನ್ನು ಮುಂದಿನ ವಾರವೇ ಹೇಳಿ. ಉತ್ತರವಿಲ್ಲದ ಅಹವಾಲು ಪೆಟ್ಟಿಗೆ ಇಡುವುದಕ್ಕಿಂತ ಇಡದಿರುವುದೇ ವಾಸಿ.

ವಕಾಲತ್ತು:
ಅಗತ್ಯ ಕೇಳಿದರೆ ಹೆಚ್ಚಿನವರ ಬಾಯಲ್ಲಿ ಬರುವುದು ಕೇಸಿನ ಮಾತು. ಬಂಧನದಲ್ಲಿರುವವರಿಗೆ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನಡಿ ಉಚಿತ ವಕೀಲರ ಹಕ್ಕಿದೆ. ಮೊದಲ ಬಾರಿಯ ಆರೋಪಿ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ, ಉಳಿದವರು ಅರ್ಧ ಅವಧಿ ಒಳಗೆ ಕಳೆದಿದ್ದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಕ್ರಿಮಿನಲ್ ವಿಚಾರಣೆಯ ಕಾನೂನು) 479ನೇ ಕಲಂ ಬಿಡುಗಡೆಗೆ ದಾರಿ ಕೊಡುತ್ತದೆ. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯ ಆರೋಪಕ್ಕೆ ಇದು ಇಲ್ಲ. ಒಂದಕ್ಕಿಂತ ಹೆಚ್ಚು ಪ್ರಕರಣ ಬಾಕಿಯಿದ್ದರೂ ಇಲ್ಲ. ಅವಧಿ ತುಂಬಿದಾಗ ಕೋರ್ಟಿಗೆ ಬರೆಯಬೇಕಾದವರು ಜೈಲು ಅಧೀಕ್ಷಕರು. ಕೂಟಕ್ಕೆ ತಿಂಗಳಿಗೊಮ್ಮೆ ಅರೆಕಾಲಿಕ ಕಾನೂನು ಸ್ವಯಂಸೇವಕರನ್ನು (ಕಾನೂನು ನೆರವಿಗೆ ತರಬೇತಿ ಪಡೆದವರು) ಕರೆಸಿ.

ನೀವು ಮಾತ್ರ ಕೇಸಿನ ವಿವರ ಕೇಳಬೇಡಿ, ಬರೆದುಕೊಳ್ಳಲೂ ಬೇಡಿ.

ಗಂಗಾವಳಿ:
ಸಹಬಂಧಿ ಸಂಗಾತಿಗಳನ್ನು ತಯಾರು ಮಾಡುವುದು ನಿಮ್ಮ ಕೆಲಸದ ತಿರುಳಾಗಲಿ. ಬ್ಯಾರಕ್ಕಿಗೆ ಇಬ್ಬರು. ಸಿಬ್ಬಂದಿ ಕೊಟ್ಟ ಪಟ್ಟಿಯಿಂದಲೇ ಆರಿಸಿದರೆ ಅವರನ್ನು ಉಳಿದವರು ಬಾತ್ಮೀದಾರರೆಂದು ದೂರವಿಡುತ್ತಾರೆ. ಬಂಧಿಗಳೇ ಹೆಸರು ಸೂಚಿಸಲಿ, ಅಧೀಕ್ಷಕರು ಭದ್ರತೆಯ ದೃಷ್ಟಿಯಿಂದ ನೋಡಲಿ. ಎರಡು ತಾಸಿನ ಆರು ತರಬೇತಿ ಸಾಕು: ಕೇಳಿಸಿಕೊಳ್ಳುವುದು, ಅಪಾಯದ ಗುರುತು, ಯಾರಿಗೆ ಯಾವಾಗ ಹೇಳುವುದು. ಶಿಕ್ಷೆ ಕೊಡುವ, ಊಟ ಹಂಚುವ ಅಧಿಕಾರ ಅವರಿಗೆ ಬೇಡ, ಮೂರು ತಿಂಗಳಿಗೆ ಸರದಿ ಬದಲಾಗಲಿ. ಇಲ್ಲದಿದ್ದರೆ ಸಂಗಾತಿ ಹೋಗಿ ಹೊಸ ದಾದಾ ಹುಟ್ಟುತ್ತಾನೆ.

ಆತ್ಮಹತ್ಯೆಯ ಅಪಾಯ ಹೆಚ್ಚುವುದು ಒಳಬಂದ ಮೊದಲ ದಿನಗಳಲ್ಲಿ, ಜಾಮೀನು ತಿರಸ್ಕಾರವಾದಾಗ, ಶಿಕ್ಷೆ ಪ್ರಕಟವಾದಾಗ. ಆ ಮೂರು ಸಂದರ್ಭದಲ್ಲಿ ಸಂಗಾತಿ ಅಂದೇ ಹೋಗಿ ಮಾತಾಡಬೇಕು. ಜೀವಕ್ಕೆ ಅಪಾಯ ಕಂಡರೆ ಗುಟ್ಟು ಇಡುವುದಿಲ್ಲ ಎಂಬುದನ್ನು ಮೊದಲ ದಿನವೇ ಎಲ್ಲರಿಗೂ ಹೇಳಿ.

ತಾಳಮದ್ದಲೆಗೆ ವೇಷ, ಕಿರೀಟ ಬೇಡವೆಂಬುದು ಅನುಕೂಲವೇ. ಆದರೆ ಅರ್ಥ ಹೇಳಲು ಶಿರಸಿ, ಸಿದ್ದಾಪುರ ಕಡೆಯವರೇ ಮುಂದೆ ಬಂದು, ಕೊಂಕಣಿ ಆಡುವ ಮೀನುಗಾರ, ಭಟ್ಕಳದ ನವಾಯತ, ಹಳಿಯಾಳದ ಸಿದ್ದಿ ಬರೀ ಪ್ರೇಕ್ಷಕರಾಗುತ್ತಾರೆ. ಯಾವ ಕಲೆ ಎಂಬುದನ್ನು ಗುಂಪೇ ಆರಿಸಲಿ.

ಶಿರಸಿ_ಬಳಗ:
ಉಪನ್ಯಾಸ ಕೈಬಿಟ್ಟೆವು. ಫಲ ಅಳೆಯುವುದು ಹೇಗೆ? ಹಾಜರಿ ಸಾಕೆ?

ಅಳಿವೆ:
ಸಾಲದು. ಬ್ಯಾರಕ್ಕಿನಿಂದ ಹೊರಬರಲು ಸಿಕ್ಕ ಅವಕಾಶವೆಂದೇ ಹಲವರು ಬರುತ್ತಾರೆ. ಎಷ್ಟು ಅಹವಾಲಿಗೆ ಎಷ್ಟು ದಿನದಲ್ಲಿ ಉತ್ತರ ಬಂತು, ಎಷ್ಟು ಜನರಿಗೆ ವಕೀಲರು ಸಿಕ್ಕರು, ಮನೆಯವರ ಸಂಪರ್ಕ ಯಾರಿಗೆ ಕಡಿದಿದೆ ಎಂದು ಎಣಿಸಿ. ಮಳೆಗಾಲದಲ್ಲಿ ಜೋಯಿಡಾ, ಶಿರಸಿಯಿಂದ ಘಟ್ಟ ಇಳಿದು ಭೇಟಿಗೆ ಬರುವುದು ಕಷ್ಟ, ಆಗ ಫೋನ್ ಕರೆಯ ಲೆಕ್ಕವನ್ನು ಬೇರೆಯಾಗಿ ಇಡಿ. ಮಹಿಳಾ ಬಂಧಿಗಳು ಮೂವರೇ ಇದ್ದರೂ ಅವರಿಗೆ ಬೇರೆ ಕೂಟ ಮತ್ತು ಮಹಿಳಾ ಸ್ವಯಂಸೇವಕರು ಬೇಕು. ಸಂಖ್ಯೆ ಕಡಿಮೆಯೆಂದು ಬಿಡಬೇಡಿ.