ಚೆರಿ ಬಿಯರ್ ಹೇಗಿತ್ತು ಅಂತ ಕೇಳಿದವರಿಗೆಲ್ಲ

ಹಾಂ, ಎಲ್ಲರಿಗೂ ಒಂದೇ ಸಲ ಹೇಳಿಬಿಡುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಕೆಲಸ ಮಾಡುತ್ತಾ ಕೇಳಿ. ದೊಡ್ಡಮ್ಮ ಈ ಗ್ರೂಪ್‌ನಲ್ಲಿ ಇಲ್ಲ ಅಂತ ಖಾತ್ರಿ ಮಾಡಿಕೊಂಡೇ ಮಾತಾಡುತ್ತಿದ್ದೇನೆ.

ಗೊತ್ತಿಲ್ಲದವರಿಗೆ: ಅಣ್ಣ ಬ್ರಸೆಲ್ಸ್‌ನಿಂದ ಬರುವಾಗ ಎರಡು ಬಾಟಲಿ ಚೆರಿ ಬಿಯರ್ ತಂದ. ಲಿಂಡೆಮಾನ್ಸ್ ಕಂಪನಿಯ ಕ್ರೀಕ್. ಶನಿವಾರ ರಾತ್ರಿ ರಾಯಚೂರಿನಲ್ಲಿ ನಮ್ಮ ಮನೆ ಮಾಳಿಗೆ ಮೇಲೆ ಒಂದನ್ನು ತೆಗೆದೆವು. ಬೆಳಗಾಗುವುದರೊಳಗೆ ಗಂಗಾವತಿ ಮಾಮ ಗ್ರೂಪ್‌ಗೆ ಹಾಕಿಬಿಟ್ಟಿದ್ದರು, 'ಕಹಿನೂ ಇಲ್ಲ, ಕಿಕ್ಕೂ ಇಲ್ಲ, ಶರಬತ್ತಿಗೆ ಬಿಯರ್ ಅಂತ ಹೆಸರಿಟ್ಟಿದ್ದಾರೆ' ಅಂತ. ಅದಕ್ಕೆ ಬೆಂಗಳೂರಿನ ತಂಗಿ, ತಾನು ಪಬ್‌ನಲ್ಲಿ ಕುಡಿದ ಮಾವಿನ ಕೇಕ್ ಥರದ ಬಿಯರ್ ಇದೇ ಜಾತಿಯದಾ ಅಂತ ಕೇಳಿದ್ದಾಳೆ. ಬಳ್ಳಾರಿ ಅಕ್ಕನಿಗೆ ನಮ್ಮ ಅಂಜೂರದಲ್ಲಿ ಇಂಥದ್ದು ಮಾಡಬಹುದಾ ಅಂತ ತಿಳಿಯಬೇಕು.

ಮೊದಲು ಮಾಮನ ಮಾತು. ಮಾಮಾ, ನೀವು ಹೇಳಿದ್ದು ಸುಳ್ಳಲ್ಲ. ಲೇಬಲ್ ಮೇಲೆ ಆಲ್ಕೋಹಾಲ್ 3.5 ಪರ್ಸೆಂಟ್ ಅಂತಲೇ ಇದೆ. ನೀವು ಕುಡಿಯುವ ಸ್ಟ್ರಾಂಗ್ ಬಿಯರ್ 8 ಪರ್ಸೆಂಟ್ ಹತ್ತಿರ ಇರುತ್ತದೆ, ಅದರ ಮುಂದೆ ಇದು ಏನೂ ಅಲ್ಲ. ಕಹಿ ಇಲ್ಲದ್ದಕ್ಕೂ ಕಾರಣ ಇದೆ. ಬಿಯರ್‌ಗೆ ಕಹಿ ಬರುವುದು ಹಾಪ್ಸ್ ಅನ್ನುವ ಬಳ್ಳಿಯ ಹೂವಿನಿಂದ. ಇವರು ಬೇಕಂತಲೇ ವರ್ಷಗಟ್ಟಲೆ ಇಟ್ಟ ಹಳೇ ಹಾಪ್ಸ್ ಹಾಕುತ್ತಾರೆ. ಅದರ ಕಹಿ ಇಳಿದಿರುತ್ತದೆ, ಬಿಯರ್ ಕೆಡದಂತೆ ಕಾಯುವ ಗುಣ ಮಾತ್ರ ಉಳಿದಿರುತ್ತದೆ.

ಆದರೆ ಶರಬತ್ತು ಅಂದಿರಲ್ಲ, ಅದನ್ನು ನಾನು ಒಪ್ಪುವುದಿಲ್ಲ. ಮುಚ್ಚಳ ತೆಗೆದರೆ ಒಳಗೆ ಇನ್ನೊಂದು ಕಾರ್ಕ್ ಇತ್ತು, ನೆನಪಿದೆಯಾ? ಅಣ್ಣ ಅದನ್ನು ಎಳೆಯುವಷ್ಟರಲ್ಲಿ ಬೆವೆತುಹೋದ. ಲೋಟಕ್ಕೆ ಹಾಕಿದಾಗ ಮೇಲೆ ಬಂದ ನೊರೆ ಬಿಳಿ ಅಲ್ಲ, ತಿಳಿ ಗುಲಾಬಿ. ಕೆಳಗೆ ಬೀಟ್‌ರೂಟ್ ಬೇಯಿಸಿದ ನೀರಿನ ಬಣ್ಣ. ಮೂಗಿನ ಹತ್ತಿರ ತಂದರೆ ಹಣ್ಣಿಗಿಂತ ಮೊದಲು ಹಸಿ ಬಾದಾಮಿಯ ವಾಸನೆ. ಬಾಯಿಗೆ ಹಾಕಿಕೊಂಡ ತಕ್ಷಣ ದಪ್ಪನೆ ಸಿಹಿ. ಇಷ್ಟಕ್ಕೇ ನಿಂತಿದ್ದರೆ ಶರಬತ್ತೇ ಸರಿ. ಅಷ್ಟರಲ್ಲಿ ಕಿವಿಯ ಕೆಳಗೆ ದವಡೆ ಹತ್ತಿರ ಜುಮ್ ಅಂತ ಒಂದು ಹುಳಿ ಏಳುತ್ತದೆ ನೋಡಿ, ಆ ಹುಳಿ ಸಿಹಿಯನ್ನೆಲ್ಲ ತೊಳೆದುಕೊಂಡು ಹೋಗುತ್ತದೆ. ನುಂಗಿದ ಮೇಲೆ ನಾಲಿಗೆಗೆ ಅಂಟು ಇಲ್ಲ. ಇನ್ನೊಂದು ಗುಟುಕು ಬೇಕು ಅನಿಸುವುದು ಅದಕ್ಕೇ.

ಆ ಹುಳಿ ಸುಮ್ನೆ ನಿಂಬೆರಸ ಹಿಂಡಿದ ಹುಳಿ ಅಲ್ಲ. ಬ್ರಸೆಲ್ಸ್ ಸುತ್ತಮುತ್ತ ಮಾಡುವ ಲ್ಯಾಂಬಿಕ್ ಅನ್ನುವ ಬಿಯರ್ ಇದಕ್ಕೆ ಬುಡ. ಬಾರ್ಲಿ ಮಾಲ್ಟ್, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ, ಅದರ ಜೊತೆ ಮೂರರಲ್ಲಿ ಒಂದು ಪಾಲಿನಷ್ಟು ಹಸಿ ಗೋಧಿ ಹಾಕಿ ಕುದಿಸುತ್ತಾರೆ. ಅದನ್ನು ಅಗಲವಾದ, ಆಳ ಇಲ್ಲದ ತೊಟ್ಟಿಯಲ್ಲಿ ರಾತ್ರಿಯಿಡೀ ತೆರೆದೇ ಬಿಡುತ್ತಾರೆ. ಯೀಸ್ಟ್ ಹಾಕುವುದೇ ಇಲ್ಲ. ದೋಸೆ ಹಿಟ್ಟಿಗೆ ನಾವು ಏನೂ ಬೆರೆಸದೆ ಹುದುಗಲು ಬಿಡುತ್ತೇವಲ್ಲ, ಹಾಗೆ. ಗಾಳಿಯಲ್ಲಿ, ಮರದ ಪೀಪಾಯಿಯಲ್ಲಿ ಇರುವ ಯೀಸ್ಟು, ಬ್ಯಾಕ್ಟೀರಿಯಾಗಳೇ ಕೆಲಸ ಮಾಡುತ್ತವೆ. ಚಳಿಗಾಲದ ತಿಂಗಳುಗಳಲ್ಲಿ ಮಾತ್ರ ಕುದಿಸುತ್ತಾರೆ, ಸೆಕೆಯಲ್ಲಿ ಬೇಡದ ಜೀವಿಗಳು ಸೇರಿ ಕೆಟ್ಟುಹೋಗುತ್ತದೆ. ನಮ್ಮ ರಾಯಚೂರಿನಲ್ಲಿ ಹಾಗೆ ಬಿಟ್ಟರೆ ಏನಾಗುತ್ತದೋ ದೇವರೇ ಬಲ್ಲ. ಲಿಂಡೆಮಾನ್ಸ್‌ನವರು 1822ರಿಂದ ಇದೇ ಕಸುಬಿನಲ್ಲಿದ್ದಾರೆ, ಬ್ರಸೆಲ್ಸ್ ಪಕ್ಕದ ಫ್ಲೇಜೆನ್‌ಬೇಕ್ ಅನ್ನುವ ಊರಿನಲ್ಲಿ.

ಇನ್ನೊಂದು ವಿಷಯ. ಹಳೇ ಪದ್ಧತಿಯಲ್ಲಿ ಹುಳಿ ಚೆರಿಗಳನ್ನು ಬೀಜದ ಸಮೇತ ಪೀಪಾಯಿಗೆ ಹಾಕಿ ತಿಂಗಳುಗಟ್ಟಲೆ ಬಿಡುತ್ತಾರೆ. ಹಣ್ಣಿನ ಸಕ್ಕರೆಯನ್ನೆಲ್ಲ ಯೀಸ್ಟ್ ತಿಂದು ಮುಗಿಸುತ್ತದೆ. ಅದು ಸಿಹಿಯೇ ಇಲ್ಲದ ಖಡಕ್ ಹುಳಿ. ಅಣ್ಣ ತಂದದ್ದು ಅದಲ್ಲ, ಚೆರಿ ರಸ ಸೇರಿಸಿ ಸಿಹಿ ಮಾಡಿದ್ದು. ಅಲ್ಲಿನ ಪಕ್ಕಾ ಕುಡುಕರು ಇದನ್ನು ನೋಡಿ ಮೂಗು ಮುರಿಯುತ್ತಾರಂತೆ, ಮಾಮನ ಹಾಗೆ. ನನಗಂತೂ ಇಷ್ಟವಾಯಿತು. ಮತ್ತೆ, ಅತ್ತಿಗೆ 'ಬೇಕರಿ ಚೆರಿ ರುಚಿ ಇಲ್ಲವಲ್ಲ' ಅಂದರು. ಅತ್ತಿಗೆ, ನಮ್ಮ ಕಡೆ ಕೇಕ್ ಮೇಲೆ ಇಡುವ ಕೆಂಪು ಚೆರಿ ಬಹಳ ಸಲ ಚೆರಿಯೇ ಅಲ್ಲ, ಬಣ್ಣ ಹಾಕಿ ಸಕ್ಕರೆ ಪಾಕದಲ್ಲಿ ಅದ್ದಿದ ಕವಳಿ ಹಣ್ಣು!

ತಪ್ಪಾಗಿದ್ದು ಬಡಿಸಿದ ರೀತಿ. ಇದು ಊಟಕ್ಕೆ ಮುಂಚೆ ಮಿರ್ಚಿ ಮಂಡಾಳು ಜೊತೆ ಕುಡಿಯುವ ಬಿಯರ್ ಅಲ್ಲ. ಖಾರ, ಎಣ್ಣೆ ಬಾಯಲ್ಲಿದ್ದರೆ ಹಣ್ಣಿನ ವಾಸನೆ ಸಿಗುವುದೇ ಇಲ್ಲ. ಮಾಮ ಅದಕ್ಕೆ ಐಸ್ ಬೇರೆ ಹಾಕಿದರು, ಉಳಿದ ರುಚಿಯೂ ನೀರಾಯಿತು. ಊಟ ಮುಗಿದ ಮೇಲೆ ಚಿಕ್ಕ ಲೋಟದಲ್ಲಿ ಅರ್ಧ, ಫ್ರಿಜ್‌ನಿಂದ ತೆಗೆದು ಐದು ನಿಮಿಷ ಬಿಟ್ಟು, ಅಷ್ಟೇ. ನಮ್ಮ ಸೆಕೆಗೆ ಐದು ನಿಮಿಷವೂ ಜಾಸ್ತಿಯೇ. ಜೊತೆಗೆ ಖುಬಾನಿ ಕಾ ಮೀಠಾ ಬೇಡ. ತಿನ್ನುವುದು ಕುಡಿಯುವುದಕ್ಕಿಂತ ಸಿಹಿಯಾದರೆ ಬಿಯರ್‌ನಲ್ಲಿ ಹುಳಿ ಮಾತ್ರ ಉಳಿಯುತ್ತದೆ. ಸಿಹಿ ಕಡಿಮೆ ಇರುವ ಡಾರ್ಕ್ ಚಾಕಲೇಟ್ ಒಂದು ತುಂಡು ಸಾಕು. ಆ ರಾತ್ರಿ ನನ್ನ ಹತ್ತಿರ ಒಂದು ತುಂಡು ಇತ್ತು, ಯಾರಿಗೂ ಕೊಡಲಿಲ್ಲ ಅನ್ನುವುದು ಬೇರೆ ಮಾತು.

ತಂಗೀ, ನಿನ್ನ ಮಾವಿನ ಕೇಕ್ ಬಿಯರ್ ಬೇರೆ ದಾರಿಯದು. ಅಂಥದ್ದಕ್ಕೆ ಸಾಮಾನ್ಯವಾಗಿ ಲ್ಯಾಕ್ಟೋಸ್, ಅಂದರೆ ಹಾಲಿನ ಸಕ್ಕರೆ ಹಾಕುತ್ತಾರೆ. ಬಿಯರ್ ಯೀಸ್ಟ್‌ಗೆ ಅದನ್ನು ತಿನ್ನಲು ಬರುವುದಿಲ್ಲ, ಹಾಗಾಗಿ ಸಿಹಿಯೂ ಕೆನೆಯಂಥ ದಪ್ಪವೂ ಹಾಗೇ ಉಳಿಯುತ್ತವೆ. ನಿನಗೆ ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುತ್ತದಲ್ಲ, ಇನ್ನೊಂದು ಸಲ ಆರ್ಡರ್ ಮಾಡುವ ಮುಂಚೆ ಕೇಳಿಕೋ.

ಅಕ್ಕಾ, ಅಂಜೂರದಲ್ಲಿ ಸಿಹಿ ಜಾಸ್ತಿ, ಹುಳಿ ಇಲ್ಲವೇ ಇಲ್ಲ. ಆ ಸಿಹಿ ಯೀಸ್ಟ್ ಪಾಲಾದ ಮೇಲೆ ಏನು ಉಳಿಯುತ್ತದೆ ಹೇಳು? ಇಂಥ ಬಿಯರ್‌ಗೆ ಕೊಪ್ಪಳ ಕಡೆಯ ದಾಳಿಂಬೆ ವಾಸಿ ಅಂತ ನನ್ನ ಲೆಕ್ಕ, ಅದಕ್ಕೆ ತನ್ನದೇ ಹುಳಿ ಇದೆ, ಒಗರೂ ಇದೆ. ಆದರೆ ಮನೆಯಲ್ಲಿ ಪ್ರಯೋಗ ಮಾಡಲು ಹೋಗಬೇಡ, ಲೈಸೆನ್ಸ್ ಇಲ್ಲದೆ ಮಾಡಿದರೆ ಅಬಕಾರಿಯವರು ಬಾಗಿಲಿಗೆ ಬರುತ್ತಾರೆ. ಅಂಜೂರ ತಿನ್ನಲು ತೆಗೆದುಕೊಂಡು ಬಾ ಸಾಕು.

ಎರಡನೇ ಬಾಟಲಿ ಫ್ರಿಜ್‌ನಲ್ಲಿ ತರಕಾರಿ ಡಬ್ಬದ ಹಿಂದೆ ಇದೆ. ಒಮ್ಮೆ ತೆಗೆದರೆ ನಾಳೆಗೆ ಗ್ಯಾಸ್ ಉಳಿಯುವುದಿಲ್ಲ, ಅದಕ್ಕೆ ಎಲ್ಲರೂ ಸೇರಿದಾಗಲೇ ತೆಗೆಯೋಣ. ಅಣ್ಣ ಮುಂದಿನ ಭಾನುವಾರ ಅನ್ನುತ್ತಿದ್ದಾನೆ. ಬರುವವರು ಹೇಳಿ. ಚಾಕಲೇಟ್ ತಂಗಿ ತರಲಿ. ಮಾಮಾ, ನಿಮಗೆ ನಿಮ್ಮ ಸ್ಟ್ರಾಂಗೇ ತರಿಸುತ್ತೇವೆ, ಮಿರ್ಚಿ ಕೂಡ.