ಕಡೆಯ ಭೋಜನದ ಒಳಾರ್ಥ: ಓದು-ಚರ್ಚೆಗೆ ಯಾವ ಭಾಗದಿಂದ ಶುರು ಮಾಡುವುದು?

ಪ್ರಶ್ನೆ: ಬೆನ್ಸನ್ ಟೌನ್ ಓದುಬಳಗ

ಬೆಂಗಳೂರಿನ ನಮ್ಮ ಓದುಬಳಗದಲ್ಲಿ ಪವಿತ್ರ ವಾರದ (ಈಸ್ಟರ್‌ಗೆ ಮುಂಚಿನ ವಾರ) ಬುಧವಾರ ಸಂಜೆ 40 ನಿಮಿಷದ ಚರ್ಚೆ ಇಟ್ಟುಕೊಂಡಿದ್ದೇವೆ. ಸುಮಾರು 25 ಜನ ಸೇರುತ್ತಾರೆ. ಮನೆಮಾತು ತಮಿಳು, ಕೊಂಕಣಿ, ಮಲಯಾಳಂ ಯಾವುದಾದರೂ ಎಲ್ಲರೂ ಓದುವುದು ಕನ್ನಡ ಸತ್ಯವೇದವನ್ನೇ. ಯೇಸುವಿನ ಕಡೆಯ ರಾತ್ರಿಯ ಊಟ ವಿಷಯ. ಲೂಕನ ಸುವಾರ್ತೆಯಲ್ಲಿ ದ್ರಾಕ್ಷಾರಸದ ಪಾತ್ರೆ ಎರಡು ಸಲ ಏಕೆ ಬರುತ್ತದೆ? ಯೋಹಾನನ ಸುವಾರ್ತೆಯಲ್ಲಿ ರೊಟ್ಟಿ, ದ್ರಾಕ್ಷಾರಸದ ಮಾತೇ ಇಲ್ಲವಲ್ಲ, ಏಕೆ? ಯೆಹೂದಿಗಳ ಪಸ್ಕದ (ಐಗುಪ್ತದ ದಾಸತ್ವದಿಂದ ಬಿಡುಗಡೆಯಾದದ್ದನ್ನು ನೆನೆಯುವ ಹಬ್ಬ) ಊಟವನ್ನು ನಾಲ್ಕು ಪಾತ್ರೆಗಳ ಸಮೇತ ಮಾಡಿ ತೋರಿಸೋಣ ಎಂದು ಕೆಲವರು ಹೇಳುತ್ತಿದ್ದಾರೆ, ಅದು ಸರಿಯೇ? ಕೊನೆಗೆ ಹುಳಿಯಿಲ್ಲದ ರೊಟ್ಟಿಯನ್ನು ಮುರಿದು ಹಂಚುವ ಆಸೆಯೂ ಇದೆ. ಅದನ್ನು ಮನೆಯಲ್ಲೇ ಮಾಡುವುದು ಹೇಗೆ?

ಉತ್ತರ 1: ಪಡಸಾಲೆ

ಸುವಾರ್ತೆಗಳಿಂದ ಶುರು ಮಾಡಬೇಡಿ. ಅಪೊಸ್ತಲ ಪೌಲ ಕೊರಿಂಥದ ಸಭೆಗೆ ಬರೆದ ಪತ್ರದಿಂದ 1 ಕೊರಿಂಥ 11:17ರಿಂದ 34ರವರೆಗೆ ಮೊದಲು ಓದಿಸಿ. ಈ ಊಟದ ಬಗ್ಗೆ ನಮಗೆ ಸಿಕ್ಕಿರುವ ಅತಿ ಹಳೆಯ ಬರಹ ಅದು, ಕ್ರಿ.ಶ. 54ರ ಸುಮಾರಿನದು. ಮಾರ್ಕನ ಸುವಾರ್ತೆ ಬಂದದ್ದು ಅದಕ್ಕಿಂತ ಒಂದೂವರೆ ದಶಕದಷ್ಟು ತಡವಾಗಿ.

ಪೌಲ ಆ ಮಾತುಗಳನ್ನು ಬರೆದದ್ದು ಪೂಜಾವಿಧಿ ಕಲಿಸುವುದಕ್ಕಲ್ಲ, ಜಗಳ ಬಿಡಿಸುವುದಕ್ಕೆ. ಕೊರಿಂಥದಲ್ಲಿ ಉಳ್ಳವರು ಮೊದಲೇ ಬಂದು ಉಂಡು ಕುಡಿದು ಮುಗಿಸುತ್ತಿದ್ದರು, ಇಲ್ಲದವರು ಹಸಿದುಕೊಂಡೇ ಕೂರುತ್ತಿದ್ದರು. ರೋಮನ್ ಕಾಲದ ಸಿರಿವಂತರ ಊಟದ ಕೋಣೆಯಲ್ಲಿ ಮೂರು ಮಂಚ, ಮಂಚಕ್ಕೆ ಮೂವರಂತೆ ಒರಗಲು 9 ಜನಕ್ಕೆ ಜಾಗ. ಉಳಿದವರು ಹೊರಗಿನ ಅಂಗಳದಲ್ಲಿ ಕೂರಬೇಕಾಗಿತ್ತು ಎಂದು ವಿದ್ವಾಂಸರು ಊಹಿಸುತ್ತಾರೆ. ಇದಕ್ಕೆ ನಮ್ಮಲ್ಲಿ ಒಂದೇ ಪದ ಸಾಕು: ಪಂಕ್ತಿಭೇದ. ಅದನ್ನು ಕಂಡು ಸಿಟ್ಟಾದ ಪೌಲ, "ಯೇಸು ಹಿಡಿದುಕೊಡಲ್ಪಟ್ಟ ಆ ರಾತ್ರಿ ಏನಾಯಿತು, ನೆನಪಿದೆಯೇ?" ಎಂಬ ಧಾಟಿಯಲ್ಲಿ ರೊಟ್ಟಿ ಮತ್ತು ಪಾತ್ರೆಯ ಪ್ರಸಂಗವನ್ನು ಅವರ ಮುಂದಿಡುತ್ತಾನೆ. 33ನೇ ವಚನದಲ್ಲಿ ಅವನು ಕೊಡುವ ಪರಿಹಾರ ತೀರಾ ಸರಳ: ಊಟಕ್ಕೆ ಸೇರಿದಾಗ ಒಬ್ಬರಿಗೊಬ್ಬರು ಕಾಯಿರಿ.

29ನೇ ವಚನದ "ದೇಹವನ್ನು ವಿವೇಚಿಸದೆ" ಎಂಬಲ್ಲಿ ಚರ್ಚೆ ಸಾಮಾನ್ಯವಾಗಿ ದಾರಿ ತಪ್ಪುತ್ತದೆ. ರೊಟ್ಟಿ ಕ್ರಿಸ್ತನ ದೇಹ ಹೇಗಾಗುತ್ತದೆ ಎಂಬ ವಾದಕ್ಕೇ ಪೂರ್ತಿ ಸಮಯ ಹೋಗಿಬಿಡುತ್ತದೆ. ಹಾಗಾಗದಿರಲು 10:17ನ್ನು ಪಕ್ಕದಲ್ಲಿಟ್ಟುಕೊಳ್ಳಿ: ರೊಟ್ಟಿ ಒಂದೇ, ಆದ್ದರಿಂದ ಅನೇಕರಾದ ನಾವೂ ಒಂದೇ ದೇಹ. ಪಕ್ಕದಲ್ಲಿ ಹಸಿದು ಕೂತವನನ್ನು ಕಾಣದಿರುವುದೂ ದೇಹವನ್ನು ಕಾಣದಿರುವುದೇ. ಈ ಊಟದ ಒಳಾರ್ಥಕ್ಕೆ ಇದೇ ಹೆಬ್ಬಾಗಿಲು ಎಂಬುದು ನನ್ನ ಖಚಿತ ಅಭಿಪ್ರಾಯ.

ಉತ್ತರ 2: ನಿಸಾನ್ ಹದಿನಾಲ್ಕು

ನಾಲ್ಕು ಪಾತ್ರೆಗಳ ಪ್ರದರ್ಶನ ಬೇಡ. ಆ ಕ್ರಮ ನಮಗೆ ವಿವರವಾಗಿ ಸಿಗುವುದು ಯೆಹೂದಿ ಗುರುಗಳ ನಿಯಮಸಂಗ್ರಹವಾದ ಮಿಷ್ನಾದಲ್ಲಿ, ಪಸ್ಕದ ಕುರಿತಾದ ಪೆಸಹೀಮ್ ಭಾಗದ 10ನೇ ಅಧ್ಯಾಯದಲ್ಲಿ. ಅದು ಸಂಕಲನವಾದದ್ದು ಕ್ರಿ.ಶ. 200ರ ಸುಮಾರಿಗೆ. ನಡುವೆ, 70ರಲ್ಲಿ, ಯೆರೂಸಲೇಮಿನ ದೇವಾಲಯ ನಾಶವಾಗಿತ್ತು. ಕುರಿಮರಿ ಬಲಿ ನಿಂತ ಮೇಲೆ ಮನೆಯ ಊಟದ ರೂಪವೇ ಬದಲಾಯಿತು. ಇಂದಿನ ಯೆಹೂದಿ ಮನೆಯ ಸೇದೆರ್ ಎಂಬ ಪಸ್ಕದ ಊಟವನ್ನು ತಂದು ಯೇಸುವಿನ ಮುಂದಿಟ್ಟರೆ ಇತಿಹಾಸವೂ ತಪ್ಪುತ್ತದೆ, ಇನ್ನೊಬ್ಬರು ಭಕ್ತಿಯಿಂದ ಆಚರಿಸುವ ಹಬ್ಬವನ್ನು ನಾಟಕ ಮಾಡಿದಂತೆಯೂ ಆಗುತ್ತದೆ.

ಲೂಕ 22:17ರಲ್ಲಿ ಒಂದು ಪಾತ್ರೆ, 19ರಲ್ಲಿ ರೊಟ್ಟಿ, 20ರಲ್ಲಿ ಊಟವಾದ ಮೇಲೆ ಇನ್ನೊಂದು ಪಾತ್ರೆ. ಹಬ್ಬದೂಟದಲ್ಲಿ ಪಾತ್ರೆ ಒಂದಕ್ಕಿಂತ ಹೆಚ್ಚು ಸಲ ಬರುತ್ತಿದ್ದದ್ದು ಇದಕ್ಕೆ ಸಹಜ ಕಾರಣ. ಆದರೆ ಕೋಡೆಕ್ಸ್ ಬೇಜೆ ಎಂಬ ಹಳೆಯ ಹಸ್ತಪ್ರತಿಯಲ್ಲಿ 19ರ ಉತ್ತರಾರ್ಧವೂ 20ನೇ ವಚನವೂ ಇಲ್ಲ. ಅಲ್ಲಿ ಪಾತ್ರೆ ಮೊದಲು, ರೊಟ್ಟಿ ಆಮೇಲೆ, ಅಷ್ಟೇ. ದಿದಖೆ ಎಂಬ ಆದಿಸಭೆಯ ಕೈಪಿಡಿಯಲ್ಲೂ ಪಾತ್ರೆಯೇ ಮೊದಲು.

"ನೆನಪು" ಎಂಬ ಪದಕ್ಕೆ ಮಾತ್ರ ಪಸ್ಕದ ಹಿನ್ನೆಲೆ ಬೇಕೇ ಬೇಕು. ವಿಮೋಚನಕಾಂಡ 12:14 ಆ ದಿನವನ್ನು ಜ್ಞಾಪಕಾರ್ಥದ ದಿನ ಎನ್ನುತ್ತದೆ. ಪ್ರತಿ ತಲೆಮಾರಿನವನೂ ತಾನೇ ಐಗುಪ್ತದಿಂದ ಹೊರಟು ಬಂದವನೆಂದು ಭಾವಿಸಬೇಕು ಎನ್ನುತ್ತದೆ ಅದೇ ಮಿಷ್ನಾ ಅಧ್ಯಾಯ. ಹಾಗಾಗಿ "ನನ್ನನ್ನು ನೆನಪು ಮಾಡಿಕೊಳ್ಳಲು ಹೀಗೆ ಮಾಡಿರಿ" ಎಂಬುದು ತಿಥಿಯ ದಿನ ಹಿರಿಯರನ್ನು ನೆನೆಯುವಂಥ ನೆನಪಲ್ಲ. ಆ ರಾತ್ರಿಯ ಪಂಕ್ತಿಯಲ್ಲಿ ಇವತ್ತು ನಾವೂ ಕೂರುವುದು. ಪಾತ್ರೆಯ ಮೇಲಿನ ಮಾತಿಗೆ ವಿಮೋಚನಕಾಂಡ 24:8 (ಒಡಂಬಡಿಕೆಯ ರಕ್ತ) ಮತ್ತು ಯೆರೆಮೀಯ 31:31 (ಹೊಸ ಒಡಂಬಡಿಕೆ) ಎರಡನ್ನೂ ಓದಿಸಿ.

ದಿನದ ಲೆಕ್ಕವನ್ನೂ ಯಾರಾದರೂ ಕೇಳಿಯೇ ಕೇಳುತ್ತಾರೆ. ಮತ್ತಾಯ, ಮಾರ್ಕ, ಲೂಕರಲ್ಲಿ ಅದು ಪಸ್ಕದ ಊಟ. ಯೋಹಾನ 18:28 ಮತ್ತು 19:14ರ ಪ್ರಕಾರ ಪಸ್ಕದ ಊಟ ಇನ್ನೂ ಆಗಿಲ್ಲ. ಕುರಿಮರಿಗಳನ್ನು ಕೊಯ್ಯುವ ದಿನವೇ ಯೇಸು ಸಾಯುತ್ತಾನೆ. ಎರಡನ್ನೂ ಬಲವಂತವಾಗಿ ಹೊಲಿಯಬೇಡಿ. ಮೂವರು ಮೇಜನ್ನು ಪಸ್ಕವಾಗಿ ಕಾಣುತ್ತಾರೆ, ಯೋಹಾನ ಯೇಸುವನ್ನೇ ಕುರಿಮರಿಯಾಗಿ ಕಾಣುತ್ತಾನೆ.

ಉತ್ತರ 3: ಕೈತುತ್ತು

ಯೋಹಾನನಲ್ಲಿ ರೊಟ್ಟಿಯ ಬೋಧನೆ 6ನೇ ಅಧ್ಯಾಯದಲ್ಲೇ ಬಂದಾಗಿದೆ. 13ರಲ್ಲಿ ಆ ಜಾಗಕ್ಕೆ ಬರುವುದು ಕಾಲು ತೊಳೆಯುವುದು. 4ನೇ ವಚನದಲ್ಲಿ ಯೇಸು ಮೇಲುಹೊದಿಕೆಯನ್ನು ತೆಗೆದಿಡುತ್ತಾನೆ, 12ರಲ್ಲಿ ಮತ್ತೆ ತೆಗೆದುಕೊಳ್ಳುತ್ತಾನೆ. ಗ್ರೀಕ್ ಮೂಲದ ಇದೇ ಎರಡು ಕ್ರಿಯಾಪದಗಳು 10:17ರಲ್ಲಿವೆ: ಪ್ರಾಣವನ್ನು ಇಡುತ್ತೇನೆ, ಮತ್ತೆ ತೆಗೆದುಕೊಳ್ಳುತ್ತೇನೆ. ಶಿಲುಬೆಯಲ್ಲಿ ಆಗುವುದನ್ನು ಯೋಹಾನ ಒಂದು ಬಟ್ಟೆಯಲ್ಲೇ ತೋರಿಸಿಬಿಟ್ಟಿದ್ದಾನೆ. ಮನೆಗೆ ಬಂದವರ ಕಾಲಿಗೆ ನೀರು ಕೊಡುವ ಪದ್ಧತಿ ನಮಗೆ ಗೊತ್ತು. ನೀರು ಕೊಡುವುದು ಬೇರೆ, ಮನೆಯ ಯಜಮಾನನೇ ಬಗ್ಗಿ ತೊಳೆದು ಒರೆಸುವುದು ಬೇರೆ. ಶಿಷ್ಯ ಪೇತ್ರ ಗಾಬರಿಯಾದದ್ದು ಅದಕ್ಕೇ.

ಕೂರುವ ರೀತಿಯನ್ನೂ ವಿವರಿಸಿ. ಅವರು ಎಡ ಮೊಣಕೈ ಊರಿ, ಕಾಲು ಹಿಂದಕ್ಕೆ ಚಾಚಿ ಒರಗಿದ್ದರು. ಕಾಲು ತೊಳೆಯಲು ಹಿಂದಿನಿಂದ ಸುತ್ತಿ ಬರಬೇಕು. ಪ್ರೀತಿಯ ಶಿಷ್ಯ ಯೇಸುವಿನ ಎದೆಗೆ ಒರಗಿದ್ದೂ ಆಗ ಅರ್ಥವಾಗುತ್ತದೆ. ಡಾ ವಿಂಚಿ ಮಿಲಾನಿನಲ್ಲಿ 1495ರಿಂದ 1498ರ ಹೊತ್ತಿಗೆ ಬರೆದ ಚಿತ್ರವನ್ನು ಯಾರಾದರೂ ತಂದರೆ, ಅದು "ನಿಮ್ಮಲ್ಲಿ ಒಬ್ಬನು ನನ್ನನ್ನು ಹಿಡಿದುಕೊಡುವನು" ಎಂದ ಕ್ಷಣದ ಚಿತ್ರ, ಕುರ್ಚಿ-ಮೇಜು ಇಟಲಿಯದು ಎಂದಷ್ಟೇ ಹೇಳಿ ಮುಂದೆ ಹೋಗಿ.

ಯೇಸುವನ್ನು ಹಿಡಿದುಕೊಟ್ಟ ಶಿಷ್ಯ ಯೂದನ ಬಳಿ ಮಾತ್ರ ನಿಲ್ಲಿ. 13:18ರಲ್ಲಿ ಯೇಸು ನೆನೆಯುವುದು ಕೀರ್ತನೆ 41:9ನ್ನು, ನನ್ನ ಅನ್ನ ಉಂಡವನೇ ನನಗೆ ಕಾಲೆತ್ತಿದ ಎಂಬ ನೋವನ್ನು. ಉಂಡ ಮನೆಯ ಜಂತೆ ಎಣಿಸುವುದು ಎಂದರೆ ನಮ್ಮವರಿಗೆ ಥಟ್ಟನೆ ತಿಳಿಯುತ್ತದೆ. ಆದರೂ 26ರಲ್ಲಿ ಯೇಸು ತುತ್ತನ್ನು ಅದ್ದಿ ಅವನಿಗೇ ಕೊಡುತ್ತಾನೆ. ಆ ಕಾಲದಲ್ಲಿ ಅದು ಬೇಕಾದವರಿಗೆ ತೋರುವ ಆದರ. ಮತ್ತಾಯ 26:22 ಮತ್ತು 25ನ್ನೂ ಹೋಲಿಸಿ ನೋಡಿ. "ನಾನೋ?" ಎಂದು ಕೇಳುವಾಗ ಉಳಿದವರೆಲ್ಲ "ಕರ್ತನೇ" ಎನ್ನುತ್ತಾರೆ, ಯೂದ ಒಬ್ಬನೇ "ಗುರುವೇ" ಎನ್ನುತ್ತಾನೆ. ಲೂಕನಲ್ಲಂತೂ ರೊಟ್ಟಿ, ಪಾತ್ರೆ ಎರಡೂ ಆದ ಮೇಲೆಯೂ ಹಿಡಿದುಕೊಡುವವನ ಕೈ ಮೇಜಿನ ಮೇಲೆಯೇ ಇದೆ.

ಉತ್ತರ 4: ಕಾವಲಿ

ರೊಟ್ಟಿಯ ಲೆಕ್ಕ. 25 ಜನಕ್ಕೆ 200 ಗ್ರಾಂ ಗೋಧಿ ಹಿಟ್ಟು, 115ರಿಂದ 120 ಮಿ.ಲೀ. ನೀರು. ಉಪ್ಪು, ಎಣ್ಣೆ, ಸೋಡಾ ಏನೂ ಬೇಡ. ಗಟ್ಟಿಯಾಗಿ 4-5 ನಿಮಿಷ ನಾದಿ, ಎರಡು ಉಂಡೆ ಮಾಡಿ, 25 ಸೆಂ.ಮೀ. ಅಗಲಕ್ಕೆ, 2-3 ಮಿ.ಮೀ. ದಪ್ಪಕ್ಕೆ ಲಟ್ಟಿಸಿ, ಫೋರ್ಕಿನಿಂದ ಒತ್ತೊತ್ತಾಗಿ ಚುಚ್ಚಿ. ಕಾದ ಕಾವಲಿಯಲ್ಲಿ ಎರಡೂ ಬದಿ ಬೇಯಿಸಿ, ಆಮೇಲೆ ಸಣ್ಣ ಉರಿಯಲ್ಲಿ ಬಟ್ಟೆಯಿಂದ ಒತ್ತುತ್ತಾ ತೇವ ಆರುವವರೆಗೆ ಬಿಡಿ.

ಚಪಾತಿಯ ಅಭ್ಯಾಸದಲ್ಲಿ ಹಿಟ್ಟನ್ನು ನೆನೆಯಲು ಬಿಡಬೇಡಿ. ನೀರು ಬಿದ್ದ ಹಿಟ್ಟು 18 ನಿಮಿಷದೊಳಗೆ ಬೆಂಕಿಗೆ ಬೀಳಬೇಕು ಎಂಬುದು ಯೆಹೂದಿ ಲೆಕ್ಕ. ಅದಕ್ಕಿಂತ ತಡವಾದರೆ ಹುಳಿ ಶುರು. ಚುಚ್ಚದಿದ್ದರೆ ಆವಿಗೆ ಉಬ್ಬಿ, ಉಬ್ಬಿದ ಕಡೆ ಕರಟುತ್ತದೆ. ಬೆಂದ ರೊಟ್ಟಿಯನ್ನು ಹಾಟ್‌ಬಾಕ್ಸಿಗೆ ಹಾಕಿದರೆ ಮೆತ್ತಗಾಗಿ ಹರಿಯುತ್ತದೆ. ಜಾಲರಿಯ ಮೇಲೆ ಆರಿಸಿದರೆ ಮುರಿಯುವಾಗ ಲಟಕ್ ಎಂದು ಹಿಂದಿನ ಸಾಲಿಗೂ ಕೇಳುತ್ತದೆ.

ಇದು ಚರ್ಚಿನ ಬಲಿಪೂಜೆಯ ರೊಟ್ಟಿಯಲ್ಲ ಎಂದು ಮೊದಲೇ ಸ್ಪಷ್ಟಪಡಿಸಿ. ರೋಮನ್ ಕ್ಯಾಥೊಲಿಕ್ ಪದ್ಧತಿಯಲ್ಲಿ ಅದಕ್ಕೆ ಅಪ್ಪಟ ಗೋಧಿ, ನೀರು ಮಾತ್ರ, ಅದನ್ನು ಅರ್ಪಿಸಲು ಗುರುಗಳೂ ಬೇಕು. ಮಲಯಾಳಿ ಕ್ರೈಸ್ತ ಮನೆಗಳ ಪೆಸಹಾ (ಪಸ್ಕ) ಅಪ್ಪ ಅಕ್ಕಿ-ಉದ್ದಿನದು, ಅದೂ ಮನೆಯ ರೊಟ್ಟಿಯೇ. ಸಿರಿಯನ್ ಆರ್ಥಡಾಕ್ಸ್‌ನವರು ಇದ್ದರೆ ಅವರ ಆರಾಧನೆಯ ರೊಟ್ಟಿ ಹುಳಿಸಿದ್ದು. ಯಾರದ್ದು ಸರಿ ಎಂಬ ಜಗಳ 11ನೇ ಶತಮಾನದ್ದು, ನಿಮ್ಮ 40 ನಿಮಿಷಕ್ಕೆ ಅದು ಬೇಡ.

ಪ್ರಶ್ನೆ ಕೇಳಿದವರು

ತುಂಬಾ ಉಪಕಾರವಾಯಿತು. ನಾಲ್ಕು ಪಾತ್ರೆ ಕೈಬಿಟ್ಟೆವು. ಕೊರಿಂಥಕ್ಕೆ 15 ನಿಮಿಷ, ಯೋಹಾನ 13ಕ್ಕೆ 15, ಉಳಿದದ್ದು ರೊಟ್ಟಿಗೆ ಎಂದುಕೊಂಡಿದ್ದೇವೆ. ಹಾಡು ಯಾವುದು ಹೊಂದುತ್ತದೆ?

ಉತ್ತರ: ನಿಸಾನ್ ಹದಿನಾಲ್ಕು

ಮಾರ್ಕ 14:26ರಲ್ಲಿ ಅವರು ಹಾಡಿ ಎಣ್ಣೆಮರಗಳ ಗುಡ್ಡಕ್ಕೆ ಹೊರಟರು. ಪಸ್ಕಕ್ಕೆ ಹಾಡುತ್ತಿದ್ದದ್ದು ಕೀರ್ತನೆ 113ರಿಂದ 118. ಕೊನೆಯದನ್ನು ರಾಗವಿಲ್ಲದಿದ್ದರೂ ಸರಿ, ಸಾಲಿಗೊಬ್ಬರಂತೆ ಓದಿಸಿ. ರೊಟ್ಟಿ ಎಲ್ಲರ ಕೈಗೂ ತಲುಪುವವರೆಗೆ ಯಾರೂ ತಿನ್ನದೆ ಕಾಯಲಿ, ಆ ಹೊತ್ತಿಗೇ ಓದು ನಡೆಯಲಿ.